ಮೂರು ಗೀರಿನ ತುಂಬೆ, ಆರು ಗೀರಿನ ತುಳಸಿ

ಬಾಗಲಕೋಟೆ ಸೀಮೆಗೆ ಹಸಿರು ತಡವಾಗಿ ಬರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ ನಮಗೆ ಅದೇ ಸುಕಾಲ. ಮುಂಗಾರು ಬಂದಷ್ಟು ಬಂದು, ಶ್ರಾವಣ ಭಾದ್ರಪದ ದಾಟಿ, ಹಿಂಗಾರಿನ ಮೋಡ ಕಟ್ಟುವ ಹೊತ್ತಿಗೆ ತುಂಬೆ ಹೂ ಬಿಡುತ್ತದೆ. ಎರಿ ಹೊಲದ ಬದುವಿನಲ್ಲಿ, ಬಾದಾಮಿಯ ಕೆಂಪು ಬಂಡೆಗಳ ಬಿರುಕಿನಲ್ಲಿ, ಮಹಾಕೂಟಕ್ಕೆ ಹೋಗುವ ಕಲ್ಲುಹಾದಿಯ ಎರಡೂ ಬದಿಯಲ್ಲಿ, ಇಳಕಲ್ಲಿನ ಗ್ರಾನೈಟ್ ಗಣಿಯವರು ಒಗೆದ ಕಲ್ಲುಗುಡ್ಡೆಗಳ ಮಗ್ಗುಲಲ್ಲಿ, ಎಲ್ಲಿ ನೋಡಿದರೂ ಮೊಳಕಾಲೆತ್ತರದ ಗಿಡ, ಗೆಣ್ಣುಗೆಣ್ಣಿಗೂ ಹಸಿರು ಗುಂಡು, ಗುಂಡಿನ ಸುತ್ತ ಬಿಳಿ ಹೂ. ಶಿವನಿಗೆ ಪ್ರಿಯವಾದ ಹೂ ಎಂದು ಮಹಾಕೂಟದಲ್ಲೂ ಕೂಡಲಸಂಗಮದಲ್ಲೂ ಭಕ್ತರು ಇದನ್ನು ಬಿಡಿಸಿ ತರುತ್ತಾರೆ. ಕೆಮ್ಮು ನೆಗಡಿಗೆ ಇದರ ರಸ ಹಿಂಡುವ ಅಜ್ಜಿಯರು ಇನ್ನೂ ಇದ್ದಾರೆ.

ತುಂಬೆ ತುಳಸಿಯ ಬಂಧು ಎಂದರೆ ಊರಿನಲ್ಲಿ ಅನೇಕರು ಸುಲಭಕ್ಕೆ ನಂಬುವುದಿಲ್ಲ. ತುಳಸಿ ಘಮಘಮಿಸುತ್ತದೆ, ತುಂಬೆಗೆ ಅಂಥ ಪರಿಮಳವೇನೂ ಇಲ್ಲ. ಆದರೆ ಎರಡರ ದಂಟನ್ನೂ ಬೆರಳ ನಡುವೆ ಹೊರಳಿಸಿ ನೋಡಿ. ಎರಡೂ ದುಂಡಗಿಲ್ಲ, ನಾಲ್ಕು ಮೂಲೆಯ ಚೌಕ. ಎಲೆಗಳು ಎದುರುಬದುರು ಜೋಡಿ. ಹೂವಿಗೆ ಮೇಲೊಂದು ತುಟಿ, ಕೆಳಗೊಂದು ತುಟಿ. ಹೂ ಉದುರಿದ ಮೇಲೆ ಬಟ್ಟಲಿನ ತಳದಲ್ಲಿ ನಾಲ್ಕು ಪುಟ್ಟ ಬೀಜ. ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆ, ಮರುಗ, ಎಲ್ಲವೂ ಈ ಮನೆತನದವೇ. ಸಸ್ಯಶಾಸ್ತ್ರದವರು ಲೇಮಿಯೇಸಿ ಎಂದು ಕರೆಯುವ ಈ ಕುಟುಂಬದಲ್ಲಿ 230ಕ್ಕೂ ಹೆಚ್ಚು ಕುಲಗಳು, ಸುಮಾರು 7,000 ಪ್ರಭೇದಗಳು ಇವೆ. ಇಷ್ಟು ದೊಡ್ಡ ಮನೆತನದಲ್ಲಿ ಯಾರು ಯಾರ ಒಡಹುಟ್ಟು, ಯಾರು ದೂರದ ದಾಯಾದಿ ಎಂದು ತೀರ್ಮಾನಿಸುವುದು ಹೇಗೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರವೊಂದು ಹೂವಿನ ಪರಾಗದಲ್ಲಿದೆ. ಆ ಉತ್ತರವನ್ನು ನಮ್ಮ ಅಂಗಳದ ಗಿಡಗಳಲ್ಲೇ ಓದಿಕೊಳ್ಳಬಹುದು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಮೊದಲು ಹೂವನ್ನೇ ನೋಡೋಣ. ತುಂಬೆಯ ಮೇಲಿನ ತುಟಿ ಸಣ್ಣದು, ಬೆನ್ನ ಮೇಲೆ ಬಿಳಿ ರೋಮ ತುಂಬಿರುತ್ತದೆ, ಮುಂದಕ್ಕೆ ಬಾಗಿರುತ್ತದೆ. ಆ ಬಾಗಿನ ಅಡಿಯಲ್ಲಿ ನಾಲ್ಕು ಪುಂಕೇಸರಗಳು ಒತ್ತಿಕೊಂಡು ನಿಂತಿರುತ್ತವೆ. ಕೆಳಗಿನ ತುಟಿ ಅಗಲ, ಜೇನು ಬಂದು ಇಳಿಯುವುದು ಅದರ ಮೇಲೆ. ಜೇನು ತಲೆ ತೂರಿಸಿದಾಗ ಮೇಲಿನ ಪರಾಗಚೀಲಗಳು ಅದರ ಬೆನ್ನಿಗೆ ತಾಗುತ್ತವೆ. ತುಳಸಿಯಲ್ಲಿ ಇದು ತಿರುವುಮುರುವು. ಅಲ್ಲಿ ಪುಂಕೇಸರಗಳು ಕೆಳಗಿನ ತುಟಿಯ ಮೇಲೆ ಮಲಗಿ ಹೊರಗೆ ಚಾಚಿಕೊಂಡಿರುತ್ತವೆ, ಜೇನಿನ ಹೊಟ್ಟೆಗೆ ಪರಾಗ ಹತ್ತುತ್ತದೆ. ಬೆಳಗಿನ ಎಳೆಬಿಸಿಲಲ್ಲಿ ತುಳಸಿಕಟ್ಟೆಯ ಮುಂದೆ ಸ್ವಲ್ಪ ಹೊತ್ತು ಕೂತರೆ ಇದನ್ನು ಬರಿಗಣ್ಣಿನಿಂದಲೇ ಕಾಣಬಹುದು. ತುಂಬೆಯಿಂದ ಹೊರಬಂದ ಜೇನಿನ ಬೆನ್ನ ಮೇಲೆ ಸಣ್ಣ ಮಚ್ಚೆಯಂತೆ ಪರಾಗ ಕೂತಿರುವುದನ್ನು ಒಮ್ಮೆ ಕಂಡವರು ಆಮೇಲೆ ಹೂವನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ.

ಇನ್ನು ಪರಾಗ. ಅರಳುವ ಹಂತದ ಮೊಗ್ಗೊಂದನ್ನು ತೆಗೆದುಕೊಂಡು, ಸೂಜಿಯಿಂದ ಪರಾಗಚೀಲ ಬಿಡಿಸಿ, ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಸ್ಪಿರಿಟ್ಟಿನಲ್ಲಿ ಉದುರಿಸಬೇಕು. ಸ್ಪಿರಿಟ್ ಆರಿದ ಮೇಲೆ ಸಫ್ರಾನಿನ್ ಬೆರೆಸಿದ ಗ್ಲಿಸರಿನ್ ಜೆಲ್ಲಿಯ ತುಣುಕಿಟ್ಟು, ಕೆಳಗಿನಿಂದ ತುಸುವೇ ಬಿಸಿ ತೋರಿಸಿ, ಕವರ್‌ಸ್ಲಿಪ್ ಮುಚ್ಚಬೇಕು. ಜೆಲ್ಲಿ ಕರಗಿ ಹರಡುತ್ತದೆ, ಕಣಗಳು ನಸುಗೆಂಪಾಗುತ್ತವೆ. ತುಂಬೆಯ ಕಣ ಅಡ್ಡಳತೆಯಲ್ಲಿ 20ರಿಂದ 30 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನೊಳಗೆ ಮೂವತ್ತು ನಲವತ್ತು ಕಣಗಳನ್ನು ಸಾಲಾಗಿ ಕೂಡಿಸಬಹುದು. ಕಣ ತನ್ನ ಧ್ರುವವನ್ನು ನಮ್ಮ ಕಡೆ ಮಾಡಿ ಬಿದ್ದಿದ್ದರೆ ಅದೃಷ್ಟ. ಅಂಚಿನಲ್ಲಿ ಮೂರು ಕಡೆ ಒಳಕ್ಕೆ ಸರಿದ ಗೀರು ಕಾಣುತ್ತದೆ. ಮಗ್ಗುಲಾಗಿ ಬಿದ್ದಿದ್ದರೆ ಒಂದೋ ಎರಡೋ ಗೀರು ಮಾತ್ರ ಕಂಡು, ಉಳಿದದ್ದು ಹಿಂದೆ ಅಡಗಿರುತ್ತದೆ. ಆಗ ಕವರ್‌ಸ್ಲಿಪ್ಪನ್ನು ಸೂಜಿಮೊನೆಯಿಂದ ಕೂದಲೆಳೆಯಷ್ಟು ಸರಿಸಬೇಕು. ಜೆಲ್ಲಿ ಇನ್ನೂ ಗಟ್ಟಿಯಾಗಿರದಿದ್ದರೆ ಕಣ ಮೆಲ್ಲಗೆ ಉರುಳಿ ಇನ್ನೊಂದು ಮೈ ತೋರಿಸುತ್ತದೆ. ಕಣ ಉರುಳುವಾಗ ಗೀರುಗಳು ಒಂದೊಂದಾಗಿ ಬೆಳಕಿಗೆ ಬರುವುದನ್ನು ನೋಡುವ ಸುಖವೇ ಬೇರೆ.

ತುಳಸಿಯ ಸ್ಲೈಡ್ ಇಟ್ಟರೆ ಗೀರು ಆರು. ಕಣವೂ ದೊಡ್ಡದು. ಮೈಮೇಲೆ ಬಲೆ ಹೆಣೆದಂಥ ಏಣುಗಳು. ಕಣ್ಣು ಪಳಗಿದ ಮೇಲೆ, ಲೆನ್ಸಿನ ತಿರುಪನ್ನು ಹಿಂದೆ ಮುಂದೆ ಆಡಿಸಿದರೆ, ಆ ದೊಡ್ಡ ಕಣ್ಣುಗಳ ಬಲೆಯೊಳಗೆ ಇನ್ನೊಂದು ಸಣ್ಣ ಕಣ್ಣುಗಳ ಬಲೆ ಇರುವುದು ತಿಳಿಯುತ್ತದೆ. ಕಾಮಕಸ್ತೂರಿಯದೂ ಹೀಗೆಯೇ. ತುಂಬೆಯ ಮೈಯಲ್ಲಿ ಇಷ್ಟು ಎದ್ದುಕಾಣುವ ಹೆಣಿಗೆ ಇಲ್ಲ, ಅದರದು ನವಿರು ಮೈ, ಸೂಕ್ಷ್ಮ ತೂತುಗಳು.

ಗೀರು ಎಂದರೆ ಬರೀ ಅಲಂಕಾರವಲ್ಲ. ಪರಾಗಕಣದ ಹೊರಕವಚ ಬಹಳ ಗಟ್ಟಿ. ಗೀರಿದ್ದ ಕಡೆ ಮಾತ್ರ ತೆಳು. ಕಣ ಒಣಗಿದಾಗ ಗೀರು ಒಳಕ್ಕೆ ಮಡಚಿಕೊಂಡು ತೇವವನ್ನು ಕಾಯುತ್ತದೆ, ತೇವ ಸಿಕ್ಕಾಗ ಬಿಚ್ಚಿ ಉಬ್ಬುತ್ತದೆ. ಶಲಾಕಾಗ್ರದ ಮೇಲೆ ಬಿದ್ದ ಕಣ ತನ್ನ ನಾಳವನ್ನು ಹೊರಡಿಸುವುದೂ ಈ ಗೀರಿನಿಂದಲೇ. ನಮ್ಮಂಥ ಒಣನಾಡಿನಲ್ಲಿ, ಮಧ್ಯಾಹ್ನದ ಬಿಸಿಗಾಳಿಯಲ್ಲಿ ಹೂ ಅರಳಿಸುವ ಗಿಡಕ್ಕೆ ಈ ಮಡಿಕೆ ಎಷ್ಟು ಬೆಲೆಯದು ಎಂದು ಆಗಾಗ ಯೋಚಿಸುತ್ತೇನೆ.

ಈ ಮೂರು ಮತ್ತು ಆರರ ಮೇಲೆ ಇಡೀ ಕುಟುಂಬವನ್ನು ಪಾಲು ಮಾಡಿದವರು ಸ್ವೀಡನ್ನಿನ ಗುನ್ನಾರ್ ಎರ್ಟ್‌ಮನ್. ಪರಾಗವಿಜ್ಞಾನವನ್ನು ಕಟ್ಟಿ ನಿಲ್ಲಿಸಿದ ಹಿರಿಯರಲ್ಲಿ ಒಬ್ಬರು. 1945ರಲ್ಲಿ ಅವರು ಒಂದು ಪುಟ್ಟ ಲೇಖನ ಬರೆದರು, ಕೆಲವೇ ಪುಟಗಳದ್ದು. ಕಣ ಹೂವಿನಿಂದ ಉದುರುವ ಹೊತ್ತಿಗೆ ಅದರೊಳಗೆ ಎಷ್ಟು ಜೀವಕೋಶ, ಹೊರಗೆ ಎಷ್ಟು ಗೀರು ಎಂದು ನೋಡಿದರೆ ಈ ಕುಟುಂಬ ಎರಡು ಹೋಳಾಗುತ್ತದೆ ಎಂದು ಅದರಲ್ಲಿ ತೋರಿಸಿದರು. ಮೂರು ಗೀರಿನವುಗಳ ಕಣದಲ್ಲಿ ಎರಡು ಜೀವಕೋಶ, ಆರು ಗೀರಿನವುಗಳ ಕಣದಲ್ಲಿ ಮೂರು. ಮೊದಲನೆಯ ಗುಂಪಿಗೆ ಲೇಮಿಯಾಯ್ಡೀ, ಎರಡನೆಯದಕ್ಕೆ ನೆಪೆಟಾಯ್ಡೀ ಎಂದು ಹೆಸರಿಟ್ಟರು. ಹೊರಗಿನ ಗುರುತು ಒಂದು, ಒಳಗಿನ ಗುರುತು ಇನ್ನೊಂದು, ಎರಡೂ ಒಂದೇ ಗೆರೆಯ ಮೇಲೆ ಬಂದು ಕೂಡುತ್ತವೆ. ವಿಜ್ಞಾನದಲ್ಲಿ ಇಂಥ ಕೂಡಿಕೆ ಸಿಕ್ಕಾಗ ಆಗುವ ಸಂತೋಷ ದೊಡ್ಡದು.

ಕಣವನ್ನು ಸ್ವಚ್ಛಗೊಳಿಸಿ ನೋಡುವ ಒಂದು ವಿಧಾನವೂ ಎರ್ಟ್‌ಮನ್‌ರದೇ. ಅಸಿಟಿಕ್ ಅನ್‌ಹೈಡ್ರೈಡ್ ಒಂಬತ್ತು ಪಾಲು, ತೀಕ್ಷ್ಣ ಗಂಧಕಾಮ್ಲ ಒಂದು ಪಾಲು ಬೆರೆಸಿ, ಅದರಲ್ಲಿ ಪರಾಗವನ್ನು ಬಿಸಿ ಮಾಡುವುದು. ಒಳಗಿನ ಜೀವದ್ರವ್ಯ, ಹೊರಗೆ ಅಂಟಿದ ಎಣ್ಣೆ ಎಲ್ಲ ಕರಗಿಹೋಗಿ ಹೊಂಬಣ್ಣದ ಹೊರಕವಚ ಮಾತ್ರ ಉಳಿಯುತ್ತದೆ. ಅಂಥ ಆಮ್ಲಕ್ಕೂ ಜಗ್ಗದ ಪದಾರ್ಥ ಅದು, ಸ್ಪೋರೊಪೊಲೆನಿನ್. ಸಾವಿರಾರು ವರ್ಷ ಕೆರೆಯ ಕೆಸರಲ್ಲಿ ಹುಗಿದಿದ್ದರೂ ಪರಾಗ ಉಳಿಯುವುದು ಇದರ ಬಲದಿಂದ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತಾಗೆಲ್ಲ ಆ ನೀರಿಗೆ ಎಷ್ಟು ಹೂಗಳ ಧೂಳು ಇಳಿದಿರಬಹುದು ಎಂದು ಅನ್ನಿಸುತ್ತದೆ. ಹುಲ್ಲಿನದು, ಜೋಳದ್ದು ಗಾಳಿಯಲ್ಲಿ ಬಂದು ಬೀಳುತ್ತದೆ. ತುಂಬೆ ತುಳಸಿಯದು ಮಾತ್ರ ಬಲು ವಿರಳ, ಯಾಕೆಂದರೆ ಅವು ತಮ್ಮ ಪರಾಗವನ್ನು ಗಾಳಿಗೆ ಬಿಡುವವಲ್ಲ, ಜೇನಿನ ಮೈಗೇ ಹಚ್ಚಿ ಕಳಿಸುವವು. ಹಾಗಾಗಿ ಈ ಮನೆತನದ ಕಣಗಳನ್ನು ಹುಡುಕುವವರು ಕೆರೆಗಿಂತ ಜೇನುತುಪ್ಪದಲ್ಲಿ ಹುಡುಕುವುದು ಮೇಲು. ತುಪ್ಪದ ತಳದಲ್ಲಿ ಆರು ಗೀರಿನ, ಬಲೆಮೈಯ ಕಣ ಸಿಕ್ಕಿತೆಂದರೆ ಜೇನು ತುಳಸಿಯ ಬಳಗದ ಹೂವಿಗೆ ಹೋಗಿ ಬಂದಿದೆ ಎಂದೇ ಲೆಕ್ಕ.

ಮೂರು ಆರರ ಈ ಪಾಲುಪಟ್ಟಿ ಹಿಡಿದುಕೊಂಡು ಊರು ಸುತ್ತಿದರೆ ಒಂದು ಸ್ವಾರಸ್ಯ ಗೊತ್ತಾಗುತ್ತದೆ. ಎಲೆ ಹಿಸುಕಿದರೆ ಘಮ್ಮೆನ್ನುವವು ಹೆಚ್ಚುಕಡಿಮೆ ಎಲ್ಲವೂ ಆರು ಗೀರಿನ ಕಡೆ. ತುಳಸಿ, ಕಾಮಕಸ್ತೂರಿ, ಪುದೀನ, ದೊಡ್ಡಪತ್ರೆ, ಮರುಗ. ಪರಿಮಳದ ಎಣ್ಣೆ ಕಟ್ಟಿಟ್ಟುಕೊಳ್ಳುವುದು ಆ ಪಾಲಿನವುಗಳ ಹುಟ್ಟುಗುಣ. ತುಂಬೆ ಮೂರರ ಕಡೆ. ಹಾಳುಮನೆಗಳ ಗೋಡೆಯ ಬದಿ ಆಳೆತ್ತರ ಬೆಳೆದು, ಮುಳ್ಳಿನ ಗುಂಡಿನಿಂದ ಕಿತ್ತಳೆ ಬಣ್ಣದ ಹೂ ಹೊರಡಿಸುವ ಲಿಯೊನೋಟಿಸ್ ಕೂಡ ಮೂರರ ಕಡೆ. ಅದಕ್ಕೂ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಮೂಗು ಹೇಳಿದ್ದನ್ನೇ ಸೂಕ್ಷ್ಮದರ್ಶಕ ಹೇಳುತ್ತದೆ.

ಹುನಗುಂದದ ದಾರಿಯ ಎರಡೂ ಬದಿಗೆ ಈಗ ಕಾಡಿನಂತೆ ಹಬ್ಬಿರುವ ಒಂದು ಗಿಡವಿದೆ. ಹಿಪ್ಟಿಸ್ ಎಂದು ಅದರ ಹಳೆಯ ಹೆಸರು. ಅಮೆರಿಕದ ಉಷ್ಣವಲಯದಿಂದ ಬಂದದ್ದು. ದನ ಆಡು ಯಾವುದೂ ಮೂಸುವುದಿಲ್ಲ, ಅಷ್ಟು ಗಾಢ ವಾಸನೆ. ಹೊಲದವರಿಗೆ ಅದನ್ನು ಕಂಡರೆ ಸಿಟ್ಟು, ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ನೀಲಿ ಹೂವನ್ನು ಹತ್ತಿರದಿಂದ ನೋಡಬೇಕು. ಕೆಳತುಟಿ ಪುಂಕೇಸರಗಳನ್ನು ಬಿಗಿಯಾಗಿ ಅದುಮಿ ಹಿಡಿದಿರುತ್ತದೆ. ಕೀಟ ಮುಟ್ಟಿದೊಡನೆ ಆ ತುಟಿ ಪಟ್ಟನೆ ಕೆಳಕ್ಕೆ ಮಡಚಿ, ಪುಂಕೇಸರ ಮೇಲೆ ಚಿಮ್ಮಿ, ಪರಾಗ ಕೀಟದ ಹೊಟ್ಟೆಗೆ ಬಡಿಯುತ್ತದೆ. ಹುಲ್ಲುಕಡ್ಡಿಯಿಂದ ಮುಟ್ಟಿಯೂ ಇದನ್ನು ನೋಡಬಹುದು. ಕಣ ನೋಡಿದರೆ ಆರು ಗೀರು. ಬೀಜವನ್ನು ನೀರಿಗೆ ಹಾಕಿದರೆ ಕಾಮಕಸ್ತೂರಿ ಬೀಜ ಉಬ್ಬಿದಂತೆಯೇ ಲೋಳೆಗಟ್ಟಿ ಉಬ್ಬುತ್ತದೆ. ರೂಪ, ವಾಸನೆ, ಬೀಜ, ಪರಾಗ ನಾಲ್ಕೂ ಒಂದೇ ಮಾತು ಹೇಳುತ್ತವೆ: ದಾರಿಬದಿಯ ಈ ಹೊರಗಿನವ ಅಂಗಳದ ತುಳಸಿಗೆ ಬಹಳ ಹತ್ತಿರದ ನೆಂಟ.

ಮೂಗಿನ ಮಾತು ಎಲ್ಲ ಕಡೆಯೂ ನಡೆಯುವುದಿಲ್ಲ. ಬನಶಂಕರಿ ಗುಡಿಯ ಮುಂದೆ ಹೂ ಮಾರುವ ಒಬ್ಬ ತಾಯಿಯನ್ನು ಕೇಳಿದ್ದೆ: "ಯವ್ವಾ, ಮರುಗ, ದವನ ಎರಡೂ ಒಂದ ಜಾತಿ ಏನ?" ಆಕೆ ಎರಡನ್ನೂ ಒಂದೇ ಹಿಡಿಯಲ್ಲಿ ಹಿಡಿದು ನಾರಿಗೆ ಸೇರಿಸುತ್ತ, "ಘಮಾ ನೋಡ್ರೀ ಸರ, ಅಕ್ಕ ತಂಗೀನ ಅವು" ಎಂದಳು. ಹೂವಿನ ಮಾಲೆಯ ಮಟ್ಟಿಗೆ ಆಕೆಯ ಮಾತು ಸರಿ. ದವನದ ಹುಣ್ಣಿಮೆಯ ಹೊತ್ತಿಗೆ ಆ ಎರಡು ಪರಿಮಳ ಬೆರೆಯದಿದ್ದರೆ ಹಬ್ಬವೇ ಅಲ್ಲ. ಆದರೆ ದವನ ಸೇವಂತಿಗೆಯ ಕುಟುಂಬದ್ದು, ಅದರ ಪರಾಗಕ್ಕೆ ಮೂರು ಗೀರು. ಮರುಗದ್ದು ಆರು. ಒಂದೇ ನಾರಿನಲ್ಲಿ ಪಕ್ಕಪಕ್ಕ ಕೂತ ಎರಡು ಎಸಳು, ಕುಟುಂಬ ಬೇರೆ ಬೇರೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಪಚ್ಚೆತೆನೆ. ಮಲೆನಾಡಿನ ಹೆಂಗಸರು ಮುಡಿಯುವ, ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ಪಚ್ಚೆತೆನೆ ಪೊಗೊಸ್ಟೆಮನ್ ಕುಲದ್ದು. ಅತ್ತರಿನವರು ಪಚೌಲಿ ಎಂದು ಕರೆಯುವ ಎಣ್ಣೆ ಇದೇ ಕುಲದ ಗಿಡದಿಂದ ಬರುತ್ತದೆ. ಇಷ್ಟು ಪರಿಮಳವಿದ್ದ ಮೇಲೆ ಪುದೀನದ ಕಡೆಯದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹೂವೂ ಹಾಗೆಯೇ ಹೇಳುತ್ತದೆ. ಸಣ್ಣ ಹೂ, ಪುಂಕೇಸರಗಳು ಪುದೀನದಂತೆ ನೆಟ್ಟಗೆ ಹೊರಚಾಚಿ ನಿಂತಿರುತ್ತವೆ. 19ನೆಯ ಶತಮಾನದಲ್ಲಿ ಈ ಕುಟುಂಬವನ್ನು ಎಲ್ಲರಿಗಿಂತ ಆಳವಾಗಿ ಅಭ್ಯಾಸ ಮಾಡಿದವರು ಜಾರ್ಜ್ ಬೆಂಥಮ್. 1832ರಿಂದ 1836ರವರೆಗೆ ಕಂತುಕಂತಾಗಿ ಬಂದ ಅವರ ಗ್ರಂಥ ಇಂದಿಗೂ ದೊಡ್ಡ ಕೆಲಸ. ಮುಂದೆ ಜೋಸೆಫ್ ಹೂಕರ್ ಬ್ರಿಟಿಷ್ ಭಾರತದ ಸಸ್ಯಗಳನ್ನು ವಿಂಗಡಿಸಿದಾಗ ಪಚ್ಚೆತೆನೆಯನ್ನು ಪುದೀನ, ಮರುಗಗಳ ಪಂಗಡದಲ್ಲೇ ಕೂಡಿಸಿದರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಸಸ್ಯಸಂಪತ್ತಿನ ಬಗ್ಗೆ ಥಿಯೊಡೋರ್ ಕುಕ್ 1901ರಿಂದ 1908ರ ನಡುವೆ ಬರೆದ ಪುಸ್ತಕವನ್ನು ನಮ್ಮ ಕಡೆಯ ಸಸ್ಯಶಾಸ್ತ್ರದವರು ಇಂದಿಗೂ ಕೈಗೆತ್ತಿಕೊಳ್ಳುತ್ತಾರೆ. ಅವರೆಲ್ಲ ಕಣ್ಣಿಗೆ ಕಂಡದ್ದನ್ನು ನಿಷ್ಠೆಯಿಂದ ಬರೆದವರು. ಅವರ ಕಾಲದಲ್ಲಿ ಹೂವಿನ ರೂಪವೇ ಮುಖ್ಯ ಸಾಕ್ಷಿ.

ಸಹ್ಯಾದ್ರಿಯ ಅಂಚಿನಿಂದ ಗೆಳೆಯರೊಬ್ಬರು ಪೊಗೊಸ್ಟೆಮನ್ ಕುಲದ ಕಾಡುಗಿಡದ ತೆನೆ ತಂದುಕೊಟ್ಟಿದ್ದರು. ಕಾಗದ ಬಿಚ್ಚಿದರೆ ಕೋಣೆಯ ತುಂಬ ವಾಸನೆ. ಹೂ ಕೈಗನ್ನಡಿಯಡಿ ಇಟ್ಟರೆ ಪುಂಕೇಸರದ ಎಳೆಗಳ ನಡುವಿನಲ್ಲಿ ನೇರಳೆ ರೋಮದ ಕುಚ್ಚು, ಬಹಳ ಚೆಲುವು. ಸ್ಲೈಡ್ ಮಾಡಿ ನೋಡಿದರೆ ಕಣ ಸಣ್ಣದು, ಗೀರು ಮೂರು. ಉರುಳಿಸಿ ನೋಡಿದರೂ ಮೂರೇ. ಪರಿಮಳ ಪುದೀನದ ಕಡೆ ಎಳೆಯುತ್ತದೆ, ಪರಾಗ ತುಂಬೆಯ ಕಡೆ. ಎರ್ಟ್‌ಮನ್‌ರ ಪಾಲುಪಟ್ಟಿಯ ಪ್ರಕಾರ ಪಚ್ಚೆತೆನೆ ಪುದೀನದ ಪಂಗಡ ಬಿಟ್ಟು ಮೂರು ಗೀರಿನವರ ಮನೆಗೆ ಹೋಗಬೇಕು. ಹೋಯಿತು ಕೂಡ. ಮುಂದೆ ಡಿಎನ್‌ಎ ಓದುವ ಕಾಲ ಬಂದಾಗ ಅದೂ ಇದನ್ನೇ ಎತ್ತಿಹಿಡಿಯಿತು. ಅಷ್ಟೇ ಅಲ್ಲ, ಪಚ್ಚೆತೆನೆಗೆ ಒಬ್ಬ ಹತ್ತಿರದ ನೆಂಟನನ್ನೂ ಹುಡುಕಿಕೊಟ್ಟಿತು. ಆ ನೆಂಟ ಅನಿಸೋಮೆಲಿಸ್, ನಮ್ಮ ಮಂಗಮಾರಿ ಗಿಡ, ಕೆಲವರು ಕರಿತುಂಬೆ ಎನ್ನುತ್ತಾರೆ. ಬಯಲುಸೀಮೆಯ ಪೊದೆಗಳಲ್ಲಿ, ಬೇಲಿಸಾಲಿನಲ್ಲಿ ನಾವು ದಿನವೂ ದಾಟಿ ಹೋಗುವ ಗಿಡ. ಹಳೆಯ ವಿಂಗಡಣೆಯಲ್ಲಿ ಇವೆರಡು ಬೇರೆ ಬೇರೆ ಪಂಗಡದಲ್ಲಿದ್ದವು. ಈಗ ಪಕ್ಕಪಕ್ಕ ಇಟ್ಟು ನೋಡಿ. ಮಂಗಮಾರಿಯ ಎಲೆ ಹಿಸುಕಿದರೆ ಅದಕ್ಕೂ ಕರ್ಪೂರದಂಥ ಗಾಢ ವಾಸನೆ. ಪುಂಕೇಸರದ ಎಳೆಯ ಮೇಲೆ ಅದಕ್ಕೂ ರೋಮ. ಪರಾಗಕ್ಕೆ ಮೂರು ಗೀರು. ಮೂಗಿಗೂ ಕಣ್ಣಿಗೂ ಸಾಕ್ಷಿ ಮೊದಲಿನಿಂದಲೂ ಇತ್ತು. ಪರಾಗವೂ ಡಿಎನ್‌ಎಯೂ ದಾರಿ ತೋರಿಸುವವರೆಗೆ ಅವೆರಡನ್ನು ಒಟ್ಟಿಗೆ ಇಟ್ಟು ನೋಡುವುದು ಯಾರಿಗೂ ಹೊಳೆದಿರಲಿಲ್ಲ.

ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ಹಿರಿಯರೊಬ್ಬರು ನನಗೆ ಸೀರೆ ನೋಡುವುದನ್ನು ಹೇಳಿಕೊಟ್ಟಿದ್ದರು. "ಮೈಯಿ, ದಡಿ ನೋಡಿ ಖರೇ ಇಳಕಲ್ ಅನ್ನಬ್ಯಾಡ್ರೀ. ಸೆರಗ ಕೂಡೋ ಕಡೆ ತಿರುವಿ ಹಾಕ್ರಿ, ಕೊಂಡಿ ನೋಡ್ರಿ" ಎಂದಿದ್ದರು. ಒಡಲಿನ ಹಾಸಿನ ಎಳೆ, ಟೋಪ್ ತೆನಿ ಸೆರಗಿನ ರೇಷ್ಮೆ ಎಳೆ, ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಆ ಸಾಲು ಹೊರಗಿನಿಂದ ಥಟ್ಟನೆ ಕಾಣುವುದಿಲ್ಲ. ಬಣ್ಣ, ದಡಿಯನ್ನು ಯಾರಾದರೂ ಅನುಕರಿಸಬಹುದು, ಕೊಂಡಿಯನ್ನು ಸುಲಭಕ್ಕೆ ಆಗದು. ಹೂವಿನ ರೂಪವೂ ಹಾಗೆ. ಜೇನಿಗೆ ಯಾವುದು ಒಪ್ಪುತ್ತದೋ ಆ ರೂಪಕ್ಕೆ ಬೇರೆ ಬೇರೆ ಮನೆಯ ಹೂಗಳು ತಿರುಗುತ್ತವೆ. ಗೀರಿನ ಲೆಕ್ಕ ಅಷ್ಟು ಬೇಗ ತಿರುಗುವುದಿಲ್ಲ.

ಹಾಗೆಂದು ಮೂರು ಗೀರು ಕಂಡದ್ದನ್ನೆಲ್ಲ ಒಂದೇ ಗಂಟಿಗೆ ಕಟ್ಟಲಾಗದು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಇದೇ. ಮೂರು ಗೀರು ಹಳೆಯ ಆಸ್ತಿ. ಈ ಕುಟುಂಬ ಹುಟ್ಟುವ ಎಷ್ಟೋ ಮೊದಲೇ, ದ್ವಿದಳ ಸಸ್ಯಗಳ ಬಹುದೊಡ್ಡ ಶಾಖೆಯ ಮೂಲಪುರುಷರಿಂದ ಬಂದದ್ದು. ದವನಕ್ಕೂ ಮೂರು, ತುಂಬೆಗೂ ಮೂರು ಎನ್ನುವುದು ಅದಕ್ಕೇ. ಅಜ್ಜನ ಕಾಲದ ಆಸ್ತಿ ಇಬ್ಬರಲ್ಲೂ ಉಳಿದಿದೆ ಎಂದ ಮಾತ್ರಕ್ಕೆ ಅವರಿಬ್ಬರು ಅಣ್ಣತಮ್ಮಂದಿರಾಗುವುದಿಲ್ಲ. ಆರು ಗೀರು ಹೊಸ ಗಳಿಕೆ. ಈ ಕುಟುಂಬದ ಒಂದು ಶಾಖೆಯಲ್ಲಿ ಹುಟ್ಟಿ, ಆ ಶಾಖೆಯವರಿಗೆಲ್ಲ ಬಂದದ್ದು. ಆದ್ದರಿಂದ ಆರು ಗೀರು ನೆಂಟಸ್ತಿಕೆಗೆ ಗಟ್ಟಿ ಪುರಾವೆ, ಮೂರು ಗೀರು ಅಷ್ಟು ಗಟ್ಟಿಯಲ್ಲ. 1986ರಲ್ಲಿ ಫಿಲಿಪ್ ಕ್ಯಾಂಟಿನೊ ಮತ್ತು ರೋಜರ್ ಸ್ಯಾಂಡರ್ಸ್ ಎರ್ಟ್‌ಮನ್‌ರ ಎರಡು ಪಾಲುಗಳನ್ನು ಮತ್ತೆ ಒರೆಗೆ ಹಚ್ಚಿ ಕಂಡುಕೊಂಡದ್ದೂ ಇದನ್ನೇ. ಆರರ ಪಾಲು ಒಂದೇ ಬೇರಿನದು, ಹಾಗೆಯೇ ಉಳಿಯಿತು. ಮೂರರ ಪಾಲನ್ನು ಮುಂದೆ ಹಲವು ಉಪಕುಟುಂಬಗಳಾಗಿ ಒಡೆಯಬೇಕಾಯಿತು.

ಒಡೆಯುವುದರ ಜೊತೆಗೆ ಕೂಡಿಸುವ ಕೆಲಸವೂ ನಡೆಯಿತು. ಮಲಪ್ರಭೆಯ ದಂಡೆಯಲ್ಲಿ ಬೆಳೆಯುವ ಲಕ್ಕಿ ಗಿಡವನ್ನು ನಾವು ಓದುವ ಕಾಲಕ್ಕೆ ವರ್ಬಿನೇಸಿ ಎಂಬ ಬೇರೆಯೇ ಕುಟುಂಬದಲ್ಲಿ ಕಲಿಸುತ್ತಿದ್ದರು. ನೆಗಡಿ ಹಿಡಿದಾಗ ಅದರ ಸೊಪ್ಪು ಕುದಿಸಿ ಹಬೆ ತೆಗೆದುಕೊಳ್ಳುವುದು ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಸಾಗವಾನಿಯೂ ಲಕ್ಕಿಯ ಕುಟುಂಬದಲ್ಲೇ ಇತ್ತು. 1990ರ ದಶಕದ ಅಧ್ಯಯನಗಳ ನಂತರ ಲಕ್ಕಿ, ಸಾಗವಾನಿ, ಶಿವನಿ ಎಲ್ಲ ತುಳಸಿಯ ಕುಟುಂಬಕ್ಕೆ ಬಂದು ಸೇರಿದವು. ಹೊಲದ ಬೇಲಿ ತುಂಬಿದ ಲಂಟಾನ ಮಾತ್ರ ವರ್ಬಿನೇಸಿಯಲ್ಲೇ ಉಳಿಯಿತು. ಬಾಗಲಕೋಟೆಯ ಹಳೆಯ ಮನೆಗಳ ಬಾಗಿಲುವಾಡವಾಗಿ ನಿಂತ ಸಾಗವಾನಿ, ಆ ಬಾಗಿಲ ಮುಂದಿನ ಕಟ್ಟೆಯ ತುಳಸಿ, ಒಂದೇ ಕುಟುಂಬ ಎಂದರೆ ಮನೆಯವರು ಅಚ್ಚರಿಯಿಂದ ಎರಡನ್ನೂ ತಿರುತಿರುಗಿ ನೋಡುತ್ತಾರೆ. ಸಾಗವಾನಿಯ ಪರಾಗಕ್ಕೆ ಗೀರು ಮೂರು, ಲಕ್ಕಿಗೂ ಮೂರು. ಹಳೆಯ ಆಸ್ತಿಯನ್ನು ಹಾಗೆಯೇ ಕಾಪಾಡಿಕೊಂಡು ಬಂದವು.

ಸಾಗವಾನಿ ಮಳೆಗಾಲದಲ್ಲಿ ಹೂ ಬಿಡುತ್ತದೆ, ಕೊಂಬೆಯ ತುದಿಯಲ್ಲಿ, ಕೈಗೆ ಎಟುಕದಷ್ಟು ಮೇಲೆ. ಮಳೆ ನಿಂತ ಬೆಳಿಗ್ಗೆ ಮರದ ಕೆಳಗೆ ಬಟ್ಟೆ ಹಾಸಿಟ್ಟರೆ ಕೆನೆಬಿಳಿಯ ಸಣ್ಣ ಹೂಗಳು ಬಿದ್ದಿರುತ್ತವೆ. ಅವುಗಳಲ್ಲಿ ಪರಾಗಚೀಲ ಒಡೆಯದ ಒಂದೆರಡಾದರೂ ಸಿಗುತ್ತವೆ, ಸ್ಲೈಡಿಗೆ ಅಷ್ಟು ಸಾಕು. ಲಕ್ಕಿಯದಕ್ಕೆ ಏಣಿಯೂ ಬೇಡ, ಬಟ್ಟೆಯೂ ಬೇಡ. ನದಿಯ ಕಡೆ ಹೋದವರು ನೀಲಿ ಗೊಂಚಲೊಂದನ್ನು ಮುರಿದು ತಂದರಾಯಿತು. ದೊಡ್ಡಪತ್ರೆಯದೇ ಕಷ್ಟ. ಮನೆಮನೆಯ ಕುಂಡದಲ್ಲಿ ಇದ್ದರೂ ಚಟ್ನಿಗೆ, ತಂಬುಳಿಗೆ ಎಂದು ಕುಡಿ ಚಿವುಟುತ್ತಲೇ ಇರುವುದರಿಂದ ಅದು ಹೂ ಬಿಡುವುದೇ ಅಪರೂಪ. ಒಂದು ಕುಂಡವನ್ನಾದರೂ ಮುಟ್ಟದೆ ಬಿಡಿ ಎಂದು ಮನೆಯಲ್ಲಿ ಹೇಳಿದ್ದೇನೆ.